ಹದಿನಾರು ಪಗಡೆ ಕಾಯಿ, ನಾಲ್ಕು ಬಗೆಯ ಉಜ್ಜಾಟ

ನಮ್ಮ ಸೋದರತ್ತೆಗೆ ಎಪ್ಪತ್ತೆಂಟು ವರ್ಷ. ಒಂದು ಕಣ್ಣಿನ ಪೊರೆ ತೆಗೆಸಿ ಆಗಿದೆ, ಇನ್ನೊಂದರ ಮಾತೆತ್ತಿದರೆ "ಹಬ್ಬ ಕಳೀಲಿ ನೋಡೋಣ" ಅಂತಾರೆ. ಯಾವ ಹಬ್ಬ ಅಂತ ಹೇಳಲ್ಲ. ಹೋದ ವರ್ಷ ಶ್ರಾವಣದಲ್ಲಿ ಫೋನ್ ಮಾಡಿ, "ಲೋ, ಮನೆ ಹಿಂದೆ ಮಿಷನ್ ಇಟ್ಕೊಂಡು ಅದೇನೋ ಗರಗರ ತಿರುಗಿಸ್ತಿರ್ತೀಯಲ್ಲ, ನಂಗೊಂದು ಸೆಟ್ ಪಗಡೆ ಕಾಯಿ ಮಾಡ್ಕೊಡೋ. ಬೊಂಬೆ ಕೂರಿಸೋ ಹೊತ್ತಿಗೆ ಬೇಕು" ಅಂದರು. ಮೈಸೂರಿನವರಿಗೆ ಪಗಡೆ ಮೇಲೆ ಒಂದು ಕೈ ಮೋಹ ಜಾಸ್ತಿಯೇ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಿಗಾಗಿ ಎಷ್ಟು ತಲೆ ಕೆಡಿಸಿಕೊಂಡಿದ್ದರು ಅನ್ನೋದನ್ನ ಜಗನ್ಮೋಹನ ಅರಮನೆ ನೋಡಿದವರಿಗೆ ಹೇಳಬೇಕಿಲ್ಲ.

ಸೆಟ್ ಅಂದರೆ ಹದಿನಾರು ಕಾಯಿ. ಕೆಂಪು, ಹಸಿರು, ಹಳದಿ, ಕಪ್ಪು, ಬಣ್ಣಕ್ಕೆ ನಾಲ್ಕು. ನಾಲ್ಕು ನಾಲ್ಕಲೆ ಹದಿನಾರು ಅಂತ ಎಣಿಸುವಾಗಲೇ ನನಗೊಂದು ಯೋಚನೆ ಬಂತು. ಲೇತಿನಲ್ಲಿ ಕಡೆದ ಸಣ್ಣ ಸಾಮಾನನ್ನ ಯಾವುದರಿಂದ ಉಜ್ಜಿದರೆ ಚೆನ್ನ ಅಂತ ಎರಡು ವರ್ಷದಿಂದ ನನ್ನೊಳಗೇ ಜಗಳ ನಡೀತಿತ್ತು. ಇಲ್ಲಿ ಒಂದೇ ಮರ, ಒಂದೇ ಆಕಾರ, ಒಂದೇ ಲೇತು, ಒಂದೇ ಕೈ. ಬಣ್ಣಕ್ಕೊಂದು ವಿಧಾನ ಹಿಡಿದು ನೋಡೇಬಿಡೋಣ ಅಂತ ಕೂತೆ. ಅತ್ತೆಗೆ ಈ ವಿಷಯ ಹೇಳಲಿಲ್ಲ.

ಮರ ಆಲೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಅದೇ ಬಿಳಿ ಮರ. ಎಳೆ ಸಣ್ಣ, ಮೃದು, ಉಳಿಗೆ ಬೆಣ್ಣೆ. ಕಾಯಿಯ ಬುಡ 22 ಮಿಲಿಮೀಟರ್, ಕತ್ತು 9, ತಲೆ 14, ಎತ್ತರ 34. ಸೊಂಟದಲ್ಲಿ ಎರಡು ಉಂಗುರ, ಒಂದೊಂದೂ ಎರಡು ಮಿಲಿಮೀಟರ್ ಅಗಲ, ಮೇಲೆ ಚೂಪಾದ ಏಣು. ಈ ಏಣೇ ಮುಂದೆ ಎಲ್ಲ ಕಥೆಗೂ ಕಾರಣ, ಅದಕ್ಕೇ ಅಳತೆ ಹೇಳಿದೆ. ಒಂದಡಿ ಅಗಲದ ಬಟ್ಟಲಲ್ಲಿ ಉಜ್ಜುವ ಸ್ಯಾಂಡ್ ಪೇಪರ್ ಅರ್ಧ ಮಿಲಿಮೀಟರ್ ತಿಂದರೆ ಯಾರಿಗೂ ಗೊತ್ತಾಗಲ್ಲ. ಎರಡು ಮಿಲಿಮೀಟರ್ ಉಂಗುರದಲ್ಲಿ ಅಷ್ಟೇ ತಿಂದರೆ ಉಂಗುರ ಹೋಗಿ ಬರೀ ಉಬ್ಬು ಉಳಿಯುತ್ತೆ.

ಇನ್ನೊಂದು ತಾಪತ್ರಯ ವೇಗದ್ದು. ಲೇತು ನಿಮಿಷಕ್ಕೆ 1400 ಸುತ್ತು ತಿರುಗುವಾಗ 22 ಮಿಲಿಮೀಟರ್ ಬುಡದ ಅಂಚು ನಿಮಿಷಕ್ಕೆ ಸುಮಾರು 97 ಮೀಟರ್ ಓಡುತ್ತೆ. ಅದೇ ಹೊತ್ತಿಗೆ 9 ಮಿಲಿಮೀಟರ್ ಕತ್ತು ಓಡೋದು ಬರೀ 40 ಮೀಟರ್. ಒಂದೇ ಪೇಪರ್, ಒಂದೇ ಒತ್ತು, ಆದರೂ ಬುಡ ಬಿಸಿಯಾಗಿ ಸವೆದು ಹೋಗಿರುತ್ತೆ, ಕತ್ತಿನಲ್ಲಿ ಗೀರು ಹಾಗೇ ಕೂತಿರುತ್ತೆ. ಕತ್ತಿನ ಗೀರು ತೆಗೀಲಿಕ್ಕೆ ಹೋಗಿ ಪಕ್ಕದ ಏಣು ತಿಂದುಹಾಕೋದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದೆ.

ಕೆಂಪು ಕಾಯಿಗಳಿಗೆ ಒಣ ಉಜ್ಜು. ಬಟ್ಟೆ ಬೆನ್ನಿನ ಕಂದು ರೋಲ್ ಇದೆಯಲ್ಲ, ಬಡಗಿಗಳ ಚೀಲದಲ್ಲೆಲ್ಲ ಇರೋದು, ಅಲ್ಯುಮಿನಿಯಂ ಆಕ್ಸೈಡ್ ಹರಳು ಅಂಟಿಸಿರೋದು. ಬಂಬೂ ಬಜಾರಿನ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಹರಿದು ಕೊಡ್ತಾರೆ. 120, 180, 240, 320 ನಂಬರ್. ಅಗ್ಗದ ದರ, ಕತ್ತೆಯ ಬಾಳಿಕೆ. ಹಾಳೆ ಪೇಪರಿನ ಹಾಗೆ ಮಡಿಕೆಯಲ್ಲಿ ಬಿರಿಯಲ್ಲ, ಮೂರು ಮಡಿಕೆ ಮಾಡಿ ಹಿಡಿದರೆ ಜಾರಲ್ಲ, ಬೆರಳಿಗೆ ಬಿಸಿ ಸ್ವಲ್ಪ ತಡವಾಗಿ ತಟ್ಟುತ್ತೆ. ಈ ತಡವೇ ಅಪಾಯ. ಬೆರಳಿಗೆ ಬಿಸಿ ಗೊತ್ತಾಗುವ ಹೊತ್ತಿಗೆ ಕಾಯಿಯ ತಲೆಯಲ್ಲಿ, ಎಳೆ ಅಡ್ಡ ಕತ್ತರಿಸಿರುವ ಜಾಗದಲ್ಲಿ, ಕೂದಲಿನಂಥ ಬಿರುಕು ಬಿಟ್ಟಾಗಿರುತ್ತೆ. ಮೊದಲ ಕೆಂಪು ಕಾಯಿ ಹೀಗೇ ಹೋಯಿತು.

ನಂಬರಿನ ಬಗ್ಗೆ ಒಂದು ಮಾತು. ಪಿ ಅನ್ನೋದು ಯುರೋಪಿನ ಅಳತೆಯ ಗುರುತು. ಪಿ 120 ಅಂದರೆ ಹರಳಿನ ಗಾತ್ರ ಸರಾಸರಿ 125 ಮೈಕ್ರಾನ್, ಪಿ 240 ಅಂದರೆ 58, ಪಿ 400 ಅಂದರೆ 35. 120ರ ಗೀರನ್ನ 180 ತೆಗೀಬೇಕು, 180ರದ್ದನ್ನ 240 ತೆಗೀಬೇಕು. ನಡುವೆ ಒಂದು ನುಂಗಿಹಾಕಿ 120ರಿಂದ ನೇರ 400ಕ್ಕೆ ಹಾರಿದರೆ ಗೀರಿನ ದಂಡೆ ಮಾತ್ರ ಹೊಳೆಯುತ್ತೆ, ಗೀರು ಹಾಗೇ ಇರುತ್ತೆ. ಹಾಳೆಯ ಬೆನ್ನ ಮೇಲೆ ನಂಬರಿನ ಹಿಂದೆ ಪಿ ಅಕ್ಷರ ಇದೆಯೋ ಇಲ್ಲವೋ ಅಂತಲೂ ನೋಡಿಕೊಳ್ಳಿ. ಸಣ್ಣ ನಂಬರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. 400ರ ಹೊತ್ತಿಗೆ ಪಿ ಇಲ್ಲದ ಅಮೆರಿಕದ ಅಳತೆ 23 ಮೈಕ್ರಾನ್, ಅಂದರೆ ಪಿ 800ರ ಆಸುಪಾಸು. ಅಂಗಡಿಯವರಿಗೆ ಎರಡೂ "ನಾನೂರು ನಂಬರ್" ಅಷ್ಟೇ.

ಕೆಂಪಿನಲ್ಲಿ ಎರಡನೆಯದರ ಹೊತ್ತಿಗೆ ಇನ್ನೊಂದು ಎಡವಟ್ಟು. ಕತ್ತಿನೊಳಗೆ ಹೋಗಲಿ ಅಂತ ರೋಲಿನಿಂದ ಕಿರುಬೆರಳಗಲ ಪಟ್ಟಿ ಸೀಳಿ, ಎರಡು ಕೈಯಲ್ಲಿ ಎರಡು ತುದಿ ಹಿಡಿದು, ಶೂ ಪಾಲಿಶ್ ಮಾಡುವವರ ಹಾಗೆ ಎಳೆದಾಡುತ್ತಿದ್ದೆ. ಒಂದು ತುದಿಯನ್ನ ತೋರುಬೆರಳಿಗೆ ಸುತ್ತಿಕೊಂಡಿದ್ದೆ, ಅದೇ ತಪ್ಪು. ಪಟ್ಟಿ ಕತ್ತಿಗೆ ಸುತ್ತಿಕೊಂಡು ಬೆರಳನ್ನ ಎಳೆಯಿತು. ಪುಣ್ಯಕ್ಕೆ 9 ಮಿಲಿಮೀಟರಿನ ಆಲೆ ಕತ್ತು ನನ್ನ ಬೆರಳಿಗಿಂತ ಮೊದಲು ಮುರಿಯಿತು. ಪೇಪರಾದರೆ ಹರಿದುಹೋಗುತ್ತೆ, ಬಟ್ಟೆ ಹರಿಯಲ್ಲ. ಅವತ್ತಿಂದ ಬಟ್ಟೆಯನ್ನ ಬೆರಳಿಗೆ ಸುತ್ತಲ್ಲ, ಮೇಲಿಂದ ಒತ್ತೋದೂ ಇಲ್ಲ. ಕಾಯಿಯ ಕೆಳಮಗ್ಗುಲಲ್ಲಿ ಹಿಡಿದರೆ ಕಚ್ಚಿಕೊಂಡರೂ ಕೈಯಿಂದ ಆಚೆಗೆ ಕಿತ್ತುಕೊಂಡು ಹೋಗುತ್ತೆ. ಲೇತಿನ ವೇಗವೂ ಕಡೆಯುವಾಗಿನ ಅರ್ಧ.

ಕೊನೆಗೆ ನಾಲ್ಕು ಕೆಂಪು ಕಾಯಿ ಆದವು. ವರ್ನಿಯರ್ ಅಳತೆಗೋಲು ಹಿಡಿದು ನೋಡಿದರೆ ಉಂಗುರದ ವ್ಯಾಸ 0.4 ಮಿಲಿಮೀಟರ್ ಇಳಿದಿತ್ತು. ಹೊಳಪು ಚೆನ್ನ, ಕೈಗೆ ನುಣುಪು, ಏಣು ಮಾತ್ರ ಬಳಸಿ ಬಳಸಿ ಸವೆದ ಸೋಪಿನ ಹಾಗೆ.

ಹಸಿರಿಗೆ ಎಣ್ಣೆ ಉಜ್ಜು. ಇದರ ಮೇಲೆ ನನಗೆ ಮೊದಲಿಂದಲೂ ಪ್ರೀತಿ. ಕಪ್ಪು ವಾಟರ್ ಪೇಪರ್, ಅಂದರೆ ಕಾರಿಗೆ ಪೇಂಟ್ ಹೊಡೆಯುವವರು ನೀರಲ್ಲಿ ಅದ್ದಿ ಉಜ್ಜುವುದು, ಹರಳು ಸಿಲಿಕಾನ್ ಕಾರ್ಬೈಡ್. ನೀರಿನ ಬದಲು ಅಗಸೆ ಎಣ್ಣೆ ಎರಡು ತೊಟ್ಟು ಬಿಟ್ಟು ನಿಧಾನ ವೇಗದಲ್ಲಿ ಉಜ್ಜೋದು. ಬೀಟೆಯಲ್ಲಿ ಇದನ್ನ ಮೀರಿಸೋದು ಯಾವುದೂ ಇಲ್ಲ. ಎಣ್ಣೆ ಮತ್ತು ಹುಡಿ ಸೇರಿ ಆಗುವ ರಾಡಿ ಬೀಟೆಯ ಸಣ್ಣ ತೂತುಗಳನ್ನ ಅದರದೇ ಬಣ್ಣದಲ್ಲಿ ತುಂಬುತ್ತೆ. ಮೈ ಬಿಸಿಯಾಗಲ್ಲ, ಬಿರುಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಧೂಳು ಹಾರಲ್ಲ. ಮರದ ಧೂಳನ್ನ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಬೀಟೆ ಹುಡಿಯಂತೂ ಎಷ್ಟೋ ಜನರಿಗೆ ಮೈ ಕಡಿತ ತರುತ್ತೆ, ನನಗೆ ಮೊಣಕೈ ಒಳಮಗ್ಗುಲಲ್ಲಿ ದದ್ದು ಏಳುತ್ತೆ. ಒಣದಲ್ಲಿ ಉಜ್ಜುವಾಗ ಮಾಸ್ಕ್ ಇಲ್ಲದೆ ಕೂರೋದಿಲ್ಲ.

ಇಷ್ಟೆಲ್ಲ ಗುಣ ಇರೋ ವಿಧಾನ ಪಗಡೆ ಕಾಯಿಯಲ್ಲಿ ಮಕಾಡೆ ಮಲಗಿತು. ಬೀಟೆಯ ಗುಣವನ್ನ ಆಲೆಯ ಮೇಲೆ ಹೇರಿದ್ದು ನನ್ನ ದಡ್ಡತನ. ಕಪ್ಪು ಹರಳಿನ ಪುಡಿ ಬಿಳಿ ಮರದ ಎಳೆಯಲ್ಲಿ ಕೂತು, ಕಾಯಿಗಳು ಒಲೆ ಪಕ್ಕದಲ್ಲಿಟ್ಟ ಬೆಳ್ಳುಳ್ಳಿ ಹಾಗೆ ಬೂದಿ ಬಣ್ಣಕ್ಕೆ ತಿರುಗಿದವು. ಉಂಗುರಗಳ ಸಂದಿಯಲ್ಲಿ ರಾಡಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು, ಹಲ್ಲುಕಡ್ಡಿ ಹಿಡಿದು ಕೆದಕಿ ತೆಗೆದೆ. ಹೋಗಲಿ, ಮೇಲೆ ಹಸಿರು ಬರುತ್ತಲ್ಲ, ಮುಚ್ಚಿಹೋಗುತ್ತೆ ಅಂದುಕೊಂಡರೆ ಅಸಲು ಪೆಟ್ಟು ಅಲ್ಲೇ ಬಿತ್ತು. ಬಣ್ಣ ಅರಗಿನದು. ಅರಗಿನ ಕಡ್ಡಿಯನ್ನ ತಿರುಗುವ ಕಾಯಿಗೆ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಮರಕ್ಕೆ ಹತ್ತಬೇಕು. ಎಣ್ಣೆ ಕುಡಿದ ಮರಕ್ಕೆ ಅರಗು ಹತ್ತಲಿಲ್ಲ, ಕಡ್ಡಿ ಸುಮ್ಮನೆ ಜಾರುತ್ತಿತ್ತು. ಎಂಟು ದಿನ ಒಣಗಿಸಿ ಮತ್ತೆ ಹಿಡಿದೆ. ಈ ಸಲ ಹತ್ತಿತು, ಉಗುರಿನಲ್ಲಿ ಕೆರೆದರೆ ಸಿಪ್ಪೆ ಸಿಪ್ಪೆಯಾಗಿ ಎದ್ದುಬಂತು. ನಾಲ್ಕು ಹಸಿರು ಕಾಯಿಯನ್ನೂ ಪಕ್ಕಕ್ಕೆ ಎಸೆದೆ. ನಮ್ಮ ಮಗಳು ಎತ್ತಿಕೊಂಡು ಹೋಗಿ ಬೊಂಬೆ ಪಾರ್ಕಿನಲ್ಲಿ ಕಾಂಪೌಂಡ್ ಕಂಬ ಮಾಡಿಕೊಂಡಳು.

ಎಣ್ಣೆಯ ವಿಷಯಕ್ಕೆ ಬಂದದ್ದರಿಂದ ಹೇಳಿಬಿಡ್ತೀನಿ. ಪಕ್ಕದ ಮನೆಯವರು "ಅಗಸೆ ಎಣ್ಣೆ ಯಾಕೆ ಸಾರ್, ಕೊಬ್ಬರಿ ಎಣ್ಣೆ ಇದೆಯಲ್ಲ" ಅಂದಿದ್ದರು. ಕೊಬ್ಬರಿ ಎಣ್ಣೆ ಒಣಗಿ ಪದರ ಕಟ್ಟುವ ಜಾತಿಯದಲ್ಲ, ಮರದಲ್ಲಿ ಜಿಡ್ಡಾಗೇ ಉಳಿಯುತ್ತೆ. ಮೈಸೂರಿನ ಡಿಸೆಂಬರ್ ಬೆಳಗ್ಗೆ ಸೀಸೆಯಲ್ಲೇ ಗಟ್ಟಿಯಾಗಿ ಕೂತಿರುವ ಎಣ್ಣೆಯನ್ನ ಪೇಪರಿಗೆ ಬಿಡೋದು ಹೇಗೆ ಅನ್ನೋದು ಬೇರೆ ಮಾತು. ಅಗಸೆ ಎಣ್ಣೆ ಗಾಳಿ ಕುಡಿದು ಒಣಗುತ್ತೆ, ಒಣಗುವಾಗ ತಾನೇ ಬಿಸಿಯಾಗುತ್ತೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು. ನಾನು ಹಿತ್ತಲಲ್ಲಿ ತಂತಿಯ ಮೇಲೆ ಬಿಡಿಸಿ ಹಾಕ್ತೀನಿ. ಮನೆಯವಳು ಅದನ್ನ ಒಣಗಿದ ಕರ್ಚೀಫು ಅಂತ ಮಡಿಸಿಟ್ಟಿದ್ದೂ ಉಂಟು.

ಹಳದಿಗೆ ಜಾಲರಿ. ಪೇಪರೂ ಅಲ್ಲ, ಬಟ್ಟೆಯೂ ಅಲ್ಲ, ಸೊಳ್ಳೆ ಪರದೆಯ ಹಾಗಿರುವ ಬಲೆ, ಅದರ ದಾರಕ್ಕೆ ಹರಳು ಅಂಟಿರುತ್ತೆ. ನಮ್ಮೂರಿನ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿದೆ, ಕಂದು ರೋಲಿನ ಐದಾರು ಪಟ್ಟು ಬೆಲೆ. ಅಷ್ಟು ದುಡ್ಡು ಕೊಟ್ಟದ್ದಕ್ಕೆ ಮನಸ್ಸು ಅದರ ಪರ ವಾಲೋದು ಸಹಜ, ಅದನ್ನ ಕಳೆದು ಓದಿಕೊಳ್ಳಿ. ಹುಡಿ ತೂತಿನಿಂದ ಆಚೆ ಹೋಗೋದರಿಂದ ಮುಖ ಕಟ್ಟಲ್ಲ. ಆಲೆಯಂಥ ಮೃದು ಮರದಲ್ಲಿ ಕಂದು ಬಟ್ಟೆ ನಾಲ್ಕೇ ಕಾಯಿಗೆ ಹುಡಿ ತುಂಬಿ ಬೋಳಾಗುತ್ತೆ, ಆಮೇಲೆ ಅದು ಕತ್ತರಿಸಲ್ಲ, ಬರೀ ಬಿಸಿ ಮಾಡುತ್ತೆ. ಜಾಲರಿಯನ್ನ ಎರಡು ತಟ್ಟು ತಟ್ಟಿದರೆ ಮತ್ತೆ ಹೊಸದು. ವ್ಯಾಕ್ಯೂಮ್ ಪೈಪನ್ನ ಹಿಂದೆ ಹಿಡಿದರಂತೂ ಧೂಳು ಕಣ್ಣಿಗೇ ಬೀಳಲ್ಲ.

ಆದರೆ ಅದಕ್ಕೆ ಸಂದಿ ಒಗ್ಗಲ್ಲ. ಎರಡು ಉಂಗುರದ ನಡುವೆ ತೂರಿಸಲು ಮಡಚಿದರೆ ಮಡಿಕೆಯ ಸಾಲಿನಲ್ಲಿ ಹರಳು ಉದುರಿ ಬಲೆ ಬೋಳಾಗುತ್ತೆ. ಏಣಿಗೆ ಸಿಕ್ಕರೆ ದಾರ ದಾರ ಬಿಚ್ಚಿಕೊಳ್ಳುತ್ತೆ. ಬೆರಳಿಗೆ ಬಿಸಿ ತೂತಿನಿಂದ ನೇರ ಬರುತ್ತೆ. ಮೊದಲು ಬೈದುಕೊಂಡೆ, ಆಮೇಲೆ ಇದೇ ಒಳ್ಳೇದು ಅನ್ನಿಸಿತು. ಬೆರಳು ಚುರ್ ಅಂದ ಕೂಡಲೆ ಕೈ ತೆಗೀತೀನಿ, ಮರ ಬಿರಿಯುವ ಮಟ್ಟಕ್ಕೆ ಹೋಗಲ್ಲ. ಹಳದಿಯಲ್ಲಿ ಒಂದೂ ಬಿರುಕು ಬರಲಿಲ್ಲ. ತಲೆಗೆ, ಬುಡಕ್ಕೆ ಜಾಲರಿ, ಸಂದಿಗೆ ಒಂದು ಚೂರು ಹಳೇ ಬಟ್ಟೆ. 240ಕ್ಕೇ ನಿಲ್ಲಿಸಿದೆ. ಮೇಲೆ ಅರಗು ಕೂರುವುದಾದರೆ 400ರ ತನಕ ಉಜ್ಜೋದು ವ್ಯರ್ಥ, ಅಷ್ಟು ಸಣ್ಣ ಗೀರನ್ನ ಅರಗೇ ತುಂಬಿಬಿಡುತ್ತೆ. 120ರ ಗೀರು ಮಾತ್ರ ಉಳಿದಿದ್ದರೆ ಅರಗಿನ ಹೊಳಪಿನ ಕೆಳಗೆ ಗ್ರಾಮಫೋನ್ ತಟ್ಟೆಯ ಹಾಗೆ ಸುತ್ತು ಸುತ್ತಾಗಿ ಕಾಣುತ್ತೆ. ಲೇತು ನಿಲ್ಲಿಸಿ ಎಳೆಯ ಉದ್ದಕ್ಕೆ ಕೈಯಲ್ಲಿ ನಾಲ್ಕು ಸಲ ಎಳೆದರೆ ಆ ಸುತ್ತು ಹೋಗುತ್ತೆ. ಉಂಗುರದಲ್ಲಿ ತಿಂದದ್ದು 0.2 ಮಿಲಿಮೀಟರ್, ಕೆಂಪಿನ ಅರ್ಧ.

ಇನ್ನು ಕಪ್ಪು. ಇದರಲ್ಲಿ ಪೇಪರೇ ಇಲ್ಲ.

ಮರ ತರಲು ಚನ್ನಪಟ್ಟಣಕ್ಕೆ ಹೋಗಿದ್ದಾಗ ಒಬ್ಬ ಹಿರಿಯರು ಕಡೆಯೋದನ್ನ ಅರ್ಧ ದಿನ ನಿಂತು ನೋಡಿದ್ದೆ. ಉಳಿ ಎತ್ತಿದ ಮೇಲೆ ಅಂಚೆಚೀಟಿಯಷ್ಟು ಸವೆದ ಪೇಪರ್ ಚೂರನ್ನ ಒಂದು ಸಲ ಮುಟ್ಟಿಸಿ ಎಸೆದು, ನೇರ ಅರಗಿಗೆ ಕೈ ಹಾಕುತ್ತಿದ್ದರು. ನಾನು ಪೇಪರ್ ನಂಬರ್ ಕೇಳಿದೆ. ಅವರು ನಕ್ಕು, "ಉಳಿ ಎಲ್ಲಿ ಮೊಂಡಾಯ್ತೋ ಅಲ್ಲಿಂದ ಪೇಪರ್ ಶುರು ಸಾರ್" ಅಂದರು. ಕೊಚ್ಚಿಕೊಳ್ಳೋಕೆ ಹೇಳಿದ್ದಲ್ಲ, ಕೈ ತಮ್ಮ ಪಾಡಿಗೆ ಕೆಲಸ ಮಾಡ್ತಾನೇ ಇತ್ತು.

ಅದಕ್ಕೇ ಕಪ್ಪಿಗೆ ಓರೆ ಬಾಯಿಯ ಉಳಿ ಒಂದೇ. ಎರಡು ಕಾಯಿಗೊಂದು ಸಲ ಮಸೆಯುವ 1000 ನಂಬರ್ ನೀರುಗಲ್ಲಿಗೆ ಹಿಡಿದು, ಹಳೇ ಬೆಲ್ಟಿನ ಚರ್ಮಕ್ಕೆ ಎಳೆದು, ಕೊನೆಯ ಸುತ್ತನ್ನ ಉಸಿರು ಬಿಗಿಹಿಡಿದು ತೆಗೆಯೋದು. ಸರಿಯಾಗಿ ಕೂತರೆ ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳ್ಳಗೆ ಸುರುಳಿ ಬರುತ್ತೆ, ಕೆಳಗೆ ಮರ ಆಗಲೇ ಹೊಳೀತಿರುತ್ತೆ. ಬಿದ್ದ ಸಿಪ್ಪೆಯನ್ನೇ ಒಂದು ಹಿಡಿ ತೆಗೆದುಕೊಂಡು ತಿರುಗುವ ಕಾಯಿಗೆ ಒತ್ತಿದರೆ ಎದ್ದ ನಾರು ಮಲಗುತ್ತೆ. ಆಮೇಲೆ ಕಪ್ಪು ಅರಗಿನ ಕಡ್ಡಿ, ಅದರ ಮೇಲೆ ತಾಳೆಗರಿ. ಈ ಗರಿ ಕೇದಗೆ ಜಾತಿಯದು, ಮುಳ್ಳಂಚು ಸೀಳಿ ತೆಗೆದು ಒತ್ತಿ ಹಿಡಿದರೆ ಕರಗಿದ ಅರಗನ್ನ ಎಲ್ಲೆಡೆ ಸಮನಾಗಿ ಎಳೆದು ಕನ್ನಡಿ ಮಾಡುತ್ತೆ. ಗರಿಯನ್ನ ಉಜ್ಜುವ ಸಾಮಾನು ಅಂದುಕೊಂಡು ಬರೀ ಮರದ ಮೇಲೂ ಒಮ್ಮೆ ಎಳೆದು ನೋಡಿದೆ, ನನ್ನ ಕೈಯಲ್ಲಂತೂ ಏನೂ ಆಗಲಿಲ್ಲ. ಅದರ ಕೆಲಸ ಅರಗಿನ ಮೇಲೇ.

ಸರಿಯಾಗಿ ಕೂರದಿದ್ದರೆ? ಉಳಿಯ ಮೂಲೆ ಕಚ್ಚಿಕೊಂಡು ಉಂಗುರದಿಂದ ತಲೆಯವರೆಗೆ ಸ್ಕ್ರೂ ಮರೆಯ ಹಾಗೆ ಒಂದು ಗಾಯ. ನಾಲ್ಕು ಕಪ್ಪು ಕಾಯಿಗೆ ಏಳು ಕಡೆಯಬೇಕಾಯಿತು. ಮೂರು ಸೌದೆ. ಹೊತ್ತಿನ ಲೆಕ್ಕದಲ್ಲೂ ಇದೇ ಹಿಂದೆ ಬಿತ್ತು, ನನ್ನ ಕೈಗೆ ಅನ್ನಬೇಕು, ಆ ಹಿರಿಯರ ಕೈಗಲ್ಲ. ಆದರೆ ಏಣು? ವರ್ನಿಯರ್ ಇಟ್ಟರೆ ಬರೆದಿಟ್ಟ ಅಳತೆ ಅಲ್ಲಾಡಿರಲಿಲ್ಲ. ಬೆರಳು ಎಳೆದರೆ ತಡೆಯುತ್ತಿತ್ತು.

ಈ ನಾಲ್ಕರ ಆಚೆಗೂ ಒಂದೆರಡು ಪರೀಕ್ಷಿಸಿದ್ದೆ, ಹೆಚ್ಚು ಹೇಳುವಂಥದ್ದಿಲ್ಲ. ಡ್ರಿಲ್ಲಿಗೆ ಸಿಕ್ಕಿಸುವ ಎರಡಿಂಚಿನ ಸ್ಪಾಂಜ್ ಪ್ಯಾಡ್ ಬಟ್ಟಲಿಗೆ ದೇವರು, 22 ಮಿಲಿಮೀಟರ್ ಕಾಯಿಗೆ ಬುಲ್ಡೋಜರ್. ಸ್ಟೀಲ್ ವುಲ್ ತಿರುಗುವ ಸಾಮಾನಿಗೆ ಸಿಕ್ಕರೆ ಎಳೆದುಕೊಂಡು ಹೋಗುತ್ತೆ, ಬಿಳಿ ಮರದಲ್ಲಿ ಕಬ್ಬಿಣದ ಎಳೆ ಬಿಟ್ಟು ಹೋಗುತ್ತೆ. ಪಾತ್ರೆ ತಿಕ್ಕುವ ಹಸಿರು ನಾರು ಅರಗು ಹಾಕದ ಬೀಟೆ ಗುಂಡಿಗಳಿಗೆ ಕೊನೆಯಲ್ಲಿ ಪರವಾಗಿಲ್ಲ.

ಬುಡಕ್ಕೆ ಮಾತ್ರ ಎಲ್ಲ ಬಣ್ಣಕ್ಕೂ ಒಂದೇ ಉಪಾಯ. ಲೇತಿನಿಂದ ಕತ್ತರಿಸಿ ತೆಗೆದ ಮೇಲೆ ಬುಡದ ನಡುವೆ ಒಂದು ಮೊಟಕು ಉಳಿದಿರುತ್ತೆ. ಕಿಟಕಿ ಗಾಜಿನ ತುಂಡಿನ ಮೇಲೆ 180 ಪೇಪರ್ ಅಂಟಿಸಿ, ಕಾಯಿ ನಿಲ್ಲಿಸಿ, ಇಂಗ್ಲಿಷಿನ ಎಂಟು ಬರೆದ ಹಾಗೆ ಎಳೆಯೋದು. ಕಡೆಯುವಾಗಲೇ ಬುಡವನ್ನ ಕೂದಲಷ್ಟು ಒಳಕ್ಕೆ ತಗ್ಗಿಸಿಟ್ಟರೆ ಅಂಚು ಮಾತ್ರ ನೆಲಕ್ಕೆ ತಾಗಿ ಕಾಯಿ ಅಲ್ಲಾಡಲ್ಲ.

ಹಸಿರನ್ನ ಜಾಲರಿಯಲ್ಲೇ ಮತ್ತೆ ಮಾಡಿದೆ. ಈಗ ಬಣ್ಣದ ಕೆಲಸ ಬಂದರೆ ಉಳಿ ಎಷ್ಟು ದೂರ ಕರಕೊಂಡು ಹೋಗುತ್ತೋ ಅಷ್ಟು ಹೋಗಿ, ಉಳಿದದ್ದಕ್ಕೆ 240 ಜಾಲರಿ. 120ರಿಂದ ಶುರು ಮಾಡೋದನ್ನ ಸಣ್ಣ ಸಾಮಾನಿನಲ್ಲಿ ಬಿಟ್ಟೇಬಿಟ್ಟೆ. 120 ಬೇಕು ಅನ್ನಿಸಿದರೆ ಉಳಿ ಮಸೆದುಕೊಂಡು ಬರ್ತೀನಿ. ಬೀಟೆ ಕುಂಕುಮದ ಭರಣಿಗೆ, ಗುಂಡಿಗೆ ಎಣ್ಣೆ ಮತ್ತು ಕಪ್ಪು ಪೇಪರ್. ಕಂದು ರೋಲ್ ಮಕ್ಕಳ ಬುಗುರಿಗೆ, ಅದರಲ್ಲಿ ಏಣು ಯಾರಿಗೂ ಬೇಡ.

ಪಾಡ್ಯದ ದಿನ ಸೆಟ್ ತಗೊಂಡು ಹೋದೆ. ಬೊಂಬೆ ಮೆಟ್ಟಿಲ ಮುಂದೆ ಹಾಸು ಹಾಸಿ ಅತ್ತೆ, ಅವರ ಓರಗಿತ್ತಿ, ಇಬ್ಬರು ಮೊಮ್ಮಕ್ಕಳು ಕೂತರು. ಸೀರಿಯಲ್ ಸೆಟ್ ದೀಪ ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಅತ್ತೆ ಡಬ್ಬಿಯೊಳಗೆ ಕೈ ಬಿಟ್ಟು, ನೋಡದೇನೇ ಒಂದೊಂದಾಗಿ ನಾಲ್ಕು ಕಾಯಿ ಎತ್ತಿ ತಮ್ಮ ಮುಂದೆ ಇಟ್ಟುಕೊಂಡರು. ನಾಲ್ಕೂ ಕಪ್ಪು.

"ಅದ್ಹೇಗೆ ಅತ್ತೆ, ಈ ಕತ್ತಲಲ್ಲಿ?" ಅಂದೆ.

"ಇವು ಬೆರಳಿಗೇ ಸಿಗ್ತವಲ್ಲೋ. ಆ ಕೆಂಪುವು ಯಾಕೋ ಹಳೇ ಕಾಯಿ ಥರ ಇದಾವೆ, ಯಾರ ಮನೇಲಿ ಆಡಿ ತಂದೆ?" ಅಂದು ದಾಳ ಉರುಳಿಸಿದರು.